ಬ್ಲಾಗಿಗೆ ಜನ ಬರುತ್ತಾರೆ, ಫೋನ್ ಮಾತ್ರ ಬರುವುದಿಲ್ಲ

ಪ್ರಶ್ನೆ: ನಮ್ಮದು ಮರದ ಪೀಠೋಪಕರಣ ಮಾಡಿಕೊಡುವ, ಹಳೆಯದನ್ನು ರಿಪೇರಿ ಮಾಡುವ ಚಿಕ್ಕ ಉದ್ಯಮ. ಕೆಲಸ ಮಾಡುವವರು ಮೂವರು. ಎರಡು ವರ್ಷದಿಂದ ನಮ್ಮ ವೆಬ್‌ಸೈಟಿನಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ, ಸುಮಾರು 40 ಲೇಖನ ಆಗಿವೆ. ಮೇಜಿನ ಮೇಲಿನ ಕಲೆ ತೆಗೆಯುವ ಲೇಖನವನ್ನು ಜನ ಚೆನ್ನಾಗಿ ಓದುತ್ತಾರೆ, ಅದರ ಲಿಂಕ್ ಕಳಿಸಿದ್ದೇನೆ. ಆದರೆ ಓದಿ ಫೋನ್ ಮಾಡಿದವರು ಬೆರಳೆಣಿಕೆಯಷ್ಟು. ವೆಬ್‌ಸೈಟಿನ ಸಿದ್ಧ ವಿನ್ಯಾಸ, ಅಂದರೆ ಥೀಮ್, ಮೂರು ಸಲ ಬದಲಿಸಿದೆ. ಮುಖಪುಟಕ್ಕೆ ಒಂದಾದ ಮೇಲೊಂದು ಚಿತ್ರ ಸುತ್ತುವ ಸ್ಲೈಡರ್ ಹಾಕಿದೆ, ಪಕ್ಕದ ಪಟ್ಟಿ, ಅಂದರೆ ಸೈಡ್‌ಬಾರ್, ತುಂಬಿಸಿದೆ. ಬ್ಲಾಗಿನ ಲೇಔಟ್ ಹೇಗಿರಬೇಕು? ಎರಡು ಕಾಲಂ ಬೇಕಾ, ಒಂದೇ ಸಾಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಒಂದೇ ಕಾಲಂ ಸಾಕು. ಸ್ಲೈಡರ್ ತೆಗೆದುಬಿಡಿ. ಥೀಮನ್ನು ನಾಲ್ಕನೇ ಸಲ ಬದಲಿಸಲು ಹೋಗಬೇಡಿ, ಈಗಿರುವುದೇ ನಡೆಯುತ್ತದೆ.

ಯಾಕೆ ಅಂದರೆ, ಮೂರು ಸಲವೂ ನೀವು ತಿದ್ದಿದ್ದು ಮುಖಪುಟವನ್ನು. ಓದುಗರು ಬರುತ್ತಿರುವುದು ಆ ಕಡೆಯಿಂದ ಅಲ್ಲ. ಮೇಜಿನ ಮೇಲೆ ಕಲೆಯಾಗಿದೆ, ಯಾರೋ ಗೂಗಲ್‌ನಲ್ಲಿ ಹುಡುಕುತ್ತಾರೆ, ನೇರವಾಗಿ ಆ ಲೇಖನಕ್ಕೇ ಬಂದು ಇಳಿಯುತ್ತಾರೆ. ಇಲ್ಲವೇ ಪರಿಚಯದವರು ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿರುತ್ತಾರೆ. ನೀವು ಹೆಬ್ಬಾಗಿಲಿಗೆ ಬಣ್ಣ ಬಳಿಯುತ್ತಾ ಕೂತಿದ್ದೀರಿ, ಜನ ಹಿತ್ತಿಲ ಬಾಗಿಲಿಂದ ಬಂದು ಅಲ್ಲಿಂದಲೇ ವಾಪಸ್ ಹೋಗುತ್ತಿದ್ದಾರೆ. ನಂಬಿಕೆ ಬರದಿದ್ದರೆ ಗೂಗಲ್ ಅನಲಿಟಿಕ್ಸ್‌ನಲ್ಲಿ ಲ್ಯಾಂಡಿಂಗ್ ಪೇಜ್ ಅನ್ನುವ ವರದಿ ತೆಗೆದು ನೋಡಿ. ಜನ ಯಾವ ಪುಟದಿಂದ ಒಳಗೆ ಕಾಲಿಟ್ಟರು ಅನ್ನುವುದು ಅದರಲ್ಲಿ ಸಾಲಾಗಿ ಇರುತ್ತದೆ.

ಹಾಗಾಗಿ ಕೆಲಸದ ಕ್ರಮವನ್ನೇ ತಿರುಗಿಸಿ. ಮೊದಲು ಒಂದು ಲೇಖನದ ಪುಟ, ಅದೂ ಫೋನಿನಲ್ಲಿ ಕಾಣುವಂತೆ. ಆಮೇಲೆ ಎಲ್ಲ ಲೇಖನಗಳ ಪಟ್ಟಿಯ ಪುಟ. ಮುಖಪುಟ ಕೊನೆಗೆ.

ನಿಮ್ಮ ಲೇಖನ ನನ್ನ ಫೋನಿನಲ್ಲಿ

ಲಿಂಕನ್ನು ಫೋನಿನಲ್ಲೇ ತೆರೆದೆ. ಮೇಲೆ ನಿಮ್ಮ ಲೋಗೋ, ಪರದೆಯ ಕಾಲುಭಾಗ ಅದಕ್ಕೇ ಹೋಗಿದೆ. ಅದರ ಕೆಳಗೆ ಒಂದು ದೊಡ್ಡ ಕಾಡಿನ ಫೋಟೋ. ಚೆನ್ನಾಗಿದೆ, ಆದರೆ ಕಾಡಿಗೂ ಕಲೆಗೂ ಏನು ಸಂಬಂಧ? ಆಮೇಲೆ ನಾಲ್ಕು ಸಾಲಿಗೆ ಮುರಿದುಬಿದ್ದ ಶೀರ್ಷಿಕೆ. ಆಮೇಲೆ "ಅಡ್ಮಿನ್" ಅನ್ನುವ ಹೆಸರು, ತಾರೀಖು, "0 ಪ್ರತಿಕ್ರಿಯೆ". ಅದರ ಕೆಳಗೆ ಐದು ಶೇರ್ ಬಟನ್. ಇಷ್ಟು ದಾಟುವಷ್ಟರಲ್ಲಿ ಇಮೇಲ್ ಕೊಡಿ ಅಂತ ಒಂದು ಪಾಪ್‌ಅಪ್ ಎದ್ದು ಬಂತು. ಅದನ್ನು ಮುಚ್ಚುವ ಗುಣಿಸು ಗುರುತು ಎಷ್ಟು ಚಿಕ್ಕದಿತ್ತು ಅಂದರೆ ಮೂರನೇ ಸಲಕ್ಕೆ ಒತ್ತಲು ಆಯಿತು. ಕೊನೆಗೂ ಸಿಕ್ಕ ಮೊದಲ ವಾಕ್ಯ: "ಮರವು ಅನಾದಿ ಕಾಲದಿಂದಲೂ ಮನುಷ್ಯನ ಸಂಗಾತಿಯಾಗಿದೆ." ಕಲೆಯ ವಿಷಯ ಬಂದದ್ದು ಏಳನೇ ಪ್ಯಾರಾದಲ್ಲಿ.

ಓದುವವರನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಮೇಜು ಎದುರಿಗೇ ಇದೆ. ಮನುಷ್ಯನ ಸಂಗಾತಿ ಯಾರು ಅಂತ ತಿಳಿಯುವ ಆಸೆ ಅವರಿಗೆ ಈಗ ಇಲ್ಲ.

ಇದೇ ಪುಟ ಹೀಗಿರಲಿ. ಮೇಲೆ ತೆಳ್ಳಗಿನ ಪಟ್ಟಿ. ಅದರಲ್ಲಿ ಚಿಕ್ಕ ಲೋಗೋ, ಪಕ್ಕದಲ್ಲೇ ಒಂದು ಸಾಲು: "ಮರದ ಪೀಠೋಪಕರಣ – ತಯಾರಿ ಮತ್ತು ರಿಪೇರಿ." ಈ ಸಾಲು ಎಲ್ಲ ಲೇಖನದಲ್ಲೂ ಇರಲೇಬೇಕು. ಹಿತ್ತಿಲಿಂದ ಬಂದವರಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ, ಲೋಗೋ ನೋಡಿ ಊಹಿಸಲೂ ಆಗುವುದಿಲ್ಲ. ಆಮೇಲೆ ಶೀರ್ಷಿಕೆ, ಎರಡು ಸಾಲಿಗೆ ಮೀರದಂತೆ. ಅದರ ಕೆಳಗೇ ಉತ್ತರ: "ಕಲೆ ಬಿಳಿಯಾಗಿದ್ದರೆ ತೇವ ಪಾಲಿಶ್ ಪದರದಲ್ಲೇ ನಿಂತಿದೆ, ಮನೆಯಲ್ಲೇ ತೆಗೆಯಲು ನೋಡಬಹುದು. ಕಪ್ಪಾಗಿದ್ದರೆ ನೀರು ಮರದೊಳಕ್ಕೆ ಇಳಿದಿದೆ, ಪಾಲಿಶ್ ತೆಗೆದು ಕೆಲಸ ಮಾಡಬೇಕಾಗುತ್ತದೆ." ಆಮೇಲೆ ಎರಡೂ ಕಲೆ ಅಕ್ಕಪಕ್ಕ ಕಾಣುವ ಒಂದು ಫೋಟೋ, ನಿಮ್ಮ ಫೋನಿನಲ್ಲೇ ತೆಗೆದದ್ದು. ಬೆರಳು ಆಡಿಸುವ ಮೊದಲೇ ಓದುಗರಿಗೆ ತಮ್ಮ ಕಲೆ ಯಾವ ಜಾತಿಯದು ಅಂತ ತಿಳಿಯಿತು.

ಉತ್ತರ ಮೊದಲೇ ಕೊಟ್ಟರೆ ಓದದೆ ಹೋಗಿಬಿಡುತ್ತಾರೆ ಅಂತ ಹೆದರುವವರು ಇದ್ದಾರೆ. ಕೆಲವರು ಹೋಗುತ್ತಾರೆ, ಹೋಗಲಿ ಬಿಡಿ. ಕಪ್ಪು ಕಲೆಯವರು ಹೋಗುವುದಿಲ್ಲ. ನಿಮಗೆ ಬೇಕಾದವರು ಅವರೇ ಅಲ್ವಾ?

ಕರೆ ಮಾಡಿ ಅನ್ನುವ ಬಟನ್ ಎಲ್ಲಿರಬೇಕು

ನಿಮ್ಮ ಪುಟದಲ್ಲಿ "ನಮ್ಮನ್ನು ಸಂಪರ್ಕಿಸಿ" ಅನ್ನುವುದು ಎಲ್ಲಕ್ಕಿಂತ ಕೆಳಗೆ, ಪ್ರತಿಕ್ರಿಯೆ ಪೆಟ್ಟಿಗೆಯ ಆಚೆಗಿದೆ. ಬಿಳಿ ಕಲೆಯವರು ಅಲ್ಲಿಗೆ ಬರುವ ಮೊದಲೇ ಕೆಲಸ ಮುಗಿಸಿರುತ್ತಾರೆ. ಕಪ್ಪು ಕಲೆಯವರು ಅಷ್ಟು ಕೆಳಗೆ ಇಳಿಯುವುದೇ ಇಲ್ಲ.

ನನ್ನ ಲೆಕ್ಕ ಸರಳ. ಓದುಗರ ಕೈಲಾಗುವುದು ಎಲ್ಲಿ ಮುಗಿಯುತ್ತದೋ ಬಟನ್ ಅಲ್ಲಿರಬೇಕು. ಈ ಲೇಖನದಲ್ಲಿ ಅದು ಕಪ್ಪು ಕಲೆಯ ಪ್ಯಾರಾ. "ಮರ ಉಜ್ಜುವಾಗ ಜಾಸ್ತಿ ಆದರೆ ಮೇಲಿನ ತೆಳು ಪದರವೇ ಕಿತ್ತುಹೋಗಬಹುದು" ಅಂತ ನೀವೇ ಬರೆದಿದ್ದೀರಿ. ಆ ವಾಕ್ಯ ಓದಿದವರ ಕೈ ತಾನಾಗಿ ನಿಲ್ಲುತ್ತದೆ. ಅದರ ಕೆಳಗೇ ಬಟನ್ ಇಡಿ. ಬೇರೆ ಲೇಖನದಲ್ಲಿ ಆ ಜಾಗ ಬೇರೆ ಇರುತ್ತದೆ. ಥೀಮಿನಲ್ಲಿ ಒಂದೇ ಸಲ ಹೊಂದಿಸಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಒಂದೊಂದು ಲೇಖನಕ್ಕೂ ಕೈಯಾರೆ ಇಡಬೇಕು, 40 ಲೇಖನಕ್ಕೆ ಒಂದು ವಾರಾಂತ್ಯ ಹಿಡಿಯಬಹುದು.

ಬಟನ್ ಮೇಲಿನ ಮಾತೂ ಮುಖ್ಯ. "ಸಂಪರ್ಕಿಸಿ" ಅಂದರೆ ಏನು ಮಾಡಬೇಕು, ಏನು ಸಿಗುತ್ತದೆ ಎರಡೂ ತಿಳಿಯುವುದಿಲ್ಲ. "ಕಲೆಯ ಫೋಟೋ ವಾಟ್ಸಾಪ್ ಮಾಡಿ, ಮನೆಯಲ್ಲೇ ಆಗುತ್ತಾ ಇಲ್ವಾ ಹೇಳುತ್ತೇವೆ" ಅಂದರೆ ಎರಡೂ ತಿಳಿಯುತ್ತದೆ, ಸಂಕೋಚವೂ ಕಡಿಮೆಯಾಗುತ್ತದೆ. ಒಂದು ಲೇಖನದಲ್ಲಿ ಇಂಥ ಕೋರಿಕೆ ಒಂದೇ ಇರಲಿ. ಈಗ ನೀವು ಒಂದೇ ಪುಟದಲ್ಲಿ ಫೋನ್ ಮಾಡಿ, ಇಮೇಲ್ ಕೊಡಿ, ಪೇಜ್ ಲೈಕ್ ಮಾಡಿ, ಕ್ಯಾಟಲಾಗ್ ಇಳಿಸಿಕೊಳ್ಳಿ ಅಂತ ನಾಲ್ಕು ಕೇಳುತ್ತಿದ್ದೀರಿ.

ನಂಬರ್ ಚಿತ್ರದೊಳಗೆ ಬೇಡ, ಟೈಪ್ ಮಾಡಿದ್ದೇ ಇರಲಿ, ಒತ್ತಿದರೆ ಕರೆ ಹೋಗಲಿ. ಈ ಪಾಠ ನಾನು ಕಲಿತದ್ದು ನನ್ನದೇ ಮೊದಲ ವೆಬ್‌ಸೈಟಿನಿಂದ. ಪುಟದ ಮೇಲ್ತುದಿಯ ಚಿತ್ರದೊಳಗೇ ನಂಬರನ್ನು ಚೆಂದವಾಗಿ ಬರೆದಿದ್ದೆ. ಕಂಪ್ಯೂಟರಿನಲ್ಲಿ ನೋಡಿ ನಾನೇ ಮೆಚ್ಚಿಕೊಂಡೆ. ತಿಂಗಳುಗಟ್ಟಲೆ ಕರೆ ಇಲ್ಲ. ಕೊನೆಗೆ ಕರೆ ಮಾಡಿದ ಒಬ್ಬರು ಹೇಳಿದರು: "ನಿಮ್ಮ ನಂಬರ್ ಒತ್ತಿದ್ರೆ ಹೋಗಲ್ಲ, ಕಾಪಿನೂ ಆಗಲ್ಲ, ಪೇಪರಲ್ಲಿ ಬರ್ಕೊಂಡು ಮಾಡ್ದೆ ಸಾರ್." ಎಲ್ಲರೂ ಅಷ್ಟು ಕಷ್ಟಪಡುವುದಿಲ್ಲ.

ಬಟನ್ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು. ಆಪಲ್ ತನ್ನ ಡಿಸೈನರ್‌ಗಳಿಗೆ ಹೇಳುವುದು ಕನಿಷ್ಠ 44 ಪಾಯಿಂಟ್, ಆಂಡ್ರಾಯ್ಡ್ ಕಡೆಯವರು ಹೇಳುವುದು 48 ಡಿಪಿ (ಎರಡೂ ಪರದೆಯ ಮೇಲಿನ ಅಳತೆಗಳು). ಮೂಲೆಯಲ್ಲಿ ತೇಲುವ ಚಾಟ್ ಗುಳ್ಳೆ ಇದ್ದರೆ ಅದು ಈ ಬಟನ್ನಿನ ಮೇಲೆ ಕೂರುತ್ತದಾ ಅಂತ ನೋಡಿಕೊಳ್ಳಿ. ನಿಮ್ಮ ಪುಟದಲ್ಲಿ ಕೂರುತ್ತದೆ.

ಸೈಡ್‌ಬಾರ್ ಮತ್ತು ಸ್ಲೈಡರ್

ಸೈಡ್‌ಬಾರ್ ಕಂಪ್ಯೂಟರ್ ಪರದೆಯ ಕಾಲದ ವಸ್ತು. ಫೋನಿನಲ್ಲಿ ಪಕ್ಕ ಅನ್ನುವುದೇ ಇಲ್ಲ. ಅಲ್ಲಿದ್ದದ್ದೆಲ್ಲ ಲೇಖನದ ಕೆಳಗೆ ಹೋಗಿ ಬೀಳುತ್ತದೆ. ಕಂಪ್ಯೂಟರಿನಲ್ಲಿ ನೋಡುವವರೂ ಬಲಗಡೆಯ ಪಟ್ಟಿಯನ್ನು ಜಾಹೀರಾತು ಅಂದುಕೊಂಡು ಕಣ್ಣು ಹಾಯಿಸುವುದಿಲ್ಲ. ಇದು ಹೊಸ ವಿಷಯವಲ್ಲ. 1998ರಲ್ಲೇ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ಅನ್ನುವ ಸಂಶೋಧಕರು ಇಂಥದ್ದನ್ನೇ ಗಮನಿಸಿ "ಬ್ಯಾನರ್ ಬ್ಲೈಂಡ್‌ನೆಸ್" (ಬ್ಯಾನರ್ ಕುರುಡು) ಅಂತ ಹೆಸರಿಟ್ಟರು. ಜನ ಹುಡುಕುತ್ತಿದ್ದ ಲಿಂಕೇ ಬ್ಯಾನರಿನ ರೂಪದಲ್ಲಿ ಎದುರಿಗಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಸೈಡ್‌ಬಾರಿನಿಂದ ಉಳಿಸಿಕೊಳ್ಳಬೇಕಾದ್ದು ಹುಡುಕುವ ಪೆಟ್ಟಿಗೆ ಒಂದೇ. ಅದನ್ನು ಮೇಲಿನ ಪಟ್ಟಿಗೆ ಸಾಗಿಸಿ. ಟ್ಯಾಗ್ ಗುಂಪು, ತಿಂಗಳುವಾರು ಪಟ್ಟಿ ಎಲ್ಲ ಹೋಗಲಿ. ಹೋದ ವರ್ಷದ ಮಾರ್ಚ್‌ನಲ್ಲಿ ಏನು ಬರೆದಿದ್ದೀರಿ ಅಂತ ಹುಡುಕಿಕೊಂಡು ಬರುವವರು ನೀವೊಬ್ಬರೇ. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಖಾಲಿ ಜಾಗ ಉಳಿಯುತ್ತದೆ. ಉಳಿಯಲಿ. ಸುಮ್ನೆ ತುಂಬಿಸಬೇಡಿ.

ಸ್ಲೈಡರ್ ಬಗ್ಗೆ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದವರು 2013ರಲ್ಲಿ ತಮ್ಮದೇ ಮುಖಪುಟದ ಲೆಕ್ಕ ಬಿಚ್ಚಿಟ್ಟಿದ್ದರು. ಬಂದವರಲ್ಲಿ ಅದನ್ನು ಒತ್ತಿದವರು ನೂರಕ್ಕೆ ಒಬ್ಬರು. ಆ ಒತ್ತುಗಳಲ್ಲೂ 84% ಮೊದಲ ಚಿತ್ರಕ್ಕೇ. ಉಳಿದ ನಾಲ್ಕು ಚಿತ್ರ ಸುತ್ತಿದ್ದೇ ಬಂತು. ನಿಮ್ಮ ಮುಖಪುಟದಲ್ಲಿ ಒಂದೇ ಚಿತ್ರ ಇರಲಿ. ರಿಪೇರಿಗೆ ಮುಂಚೆ ಮತ್ತು ಆದ ಮೇಲೆ ಅಂತ ಒಂದೇ ಕುರ್ಚಿಯ ಎರಡು ಭಾಗ ಇದ್ದರೆ ಇನ್ನೂ ಚೆನ್ನ.

ಅಕ್ಷರ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಲೇಔಟ್ ಅಂದ ಕೂಡಲೇ ಎಲ್ಲರೂ ಬಣ್ಣ, ಚೌಕ, ನೆರಳು ಅಂತ ಹೋಗುತ್ತಾರೆ. ಆದರೆ ಬ್ಲಾಗ್ ಪುಟದಲ್ಲಿ ಇರುವುದೆಲ್ಲ ಅಕ್ಷರವೇ. ಅದು ಸರಿಯಾದರೆ ಮುಕ್ಕಾಲು ಲೇಔಟ್ ಸರಿಯಾದಂತೆ.

ಬ್ರೌಸರುಗಳು ತಾವಾಗಿ ಕೊಡುವ ಗಾತ್ರ 16 ಪಿಕ್ಸೆಲ್. ಅದಕ್ಕಿಂತ ಚಿಕ್ಕದು ಬೇಡ. ಕನ್ನಡಕ್ಕೆ ನಾನು 18 ಇಡುತ್ತೇನೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಅಕ್ಷರದ ಒಂದೂವರೆ ಪಟ್ಟು ಇದ್ದರೆ ಸಾಕು, ಥೀಮುಗಳೂ ಸಾಮಾನ್ಯವಾಗಿ ಅಷ್ಟೇ ಕೊಟ್ಟಿರುತ್ತವೆ. ಕನ್ನಡಕ್ಕೆ ಅದು ಸಾಲದು. "ರಾಷ್ಟ್ರ" ಅಂತ ಬರೆದು ನೋಡಿ. ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. 1.7 ಅಥವಾ 1.8 ಇಡಿ, ಪುಟ ಉಸಿರಾಡುತ್ತದೆ.

ಇನ್ನು ಥೀಮುಗಳು ಮಾಡುವ ಮೂರು ಕಿತಾಪತಿ. ಶೀರ್ಷಿಕೆಗೆ ಅಕ್ಷರಗಳ ನಡುವೆ ಅಂತರ ಹಾಕಿರುತ್ತಾರೆ. ಇಂಗ್ಲಿಷಿನಲ್ಲಿ ಚೆಂದ, ಕನ್ನಡದಲ್ಲಿ ಪದ ಒಡೆದಂತೆ ಕಾಣುತ್ತದೆ. ಅದನ್ನು ಸೊನ್ನೆ ಮಾಡಿ. ಉದ್ಧರಣೆಗೆ ಇಟಾಲಿಕ್ ಹಾಕಿರುತ್ತಾರೆ. ಬಹುತೇಕ ಕನ್ನಡ ಫಾಂಟ್‌ಗಳಿಗೆ ಇಟಾಲಿಕ್ ರೂಪವೇ ಇಲ್ಲ, ಬ್ರೌಸರ್ ಅಕ್ಷರವನ್ನು ಎಳೆದು ವಾಲಿಸುತ್ತದೆ, ಬೀಳುವ ಬೇಲಿಯ ಹಾಗೆ. ಅದನ್ನೂ ತೆಗೆಯಿರಿ. ಮೂರನೆಯದು, ಎರಡೂ ಅಂಚಿಗೆ ಸಮ ಮಾಡುವುದು. ನಮ್ಮ ಪದಗಳು ಉದ್ದ. ಫೋನಿನ ಕಿರಿದಾದ ಸಾಲಿಗೆ ಮೂರು ಪದ ಹಿಡಿಯುತ್ತವೆ, ಸಮ ಮಾಡಿದರೆ ನಡುವೆ ಗುಂಡಿ ಬೀಳುತ್ತದೆ. ಎಡಕ್ಕೆ ಸಾಲಾಗಿ ನಿಲ್ಲಿಸಿ, ಬಲಗಡೆ ಏರುಪೇರಾಗಿ ಇರಲಿ.

ಸಾಲಿನ ಉದ್ದ ಕಂಪ್ಯೂಟರ್ ಪರದೆಯಲ್ಲಿ ಮಾತ್ರ ತೊಂದರೆ. ಓದಲು ಹಿತವಾದದ್ದು ಸಾಲಿಗೆ 45ರಿಂದ 75 ಅಕ್ಷರ ಅಂತ ಅಚ್ಚಿನ ಕಾಲದಿಂದಲೂ ಹೇಳುವ ಮಾತಿದೆ. ಕನ್ನಡದಲ್ಲಿ ಏಳೆಂಟು ಪದ ಅಂದುಕೊಳ್ಳಿ. ಲೇಖನದ ಅಗಲವನ್ನು 680 ಪಿಕ್ಸೆಲ್ ಆಸುಪಾಸಿಗೆ ಕಟ್ಟಿಹಾಕಿದರೆ ಸಾಕು.

ಬಣ್ಣದ ವಿಷಯದಲ್ಲಿ ನಿಮ್ಮ ತಿಳಿ ಬೂದು ಅಕ್ಷರ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ವೆಬ್ ಪುಟ ಎಲ್ಲರಿಗೂ ಓದಲು ಆಗಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ ಅನ್ನುವ ಮಾರ್ಗಸೂಚಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕು. ಬಿಳಿ ಹಿನ್ನೆಲೆಯಲ್ಲಿ ಅದಕ್ಕೆ ಪಾಸಾಗುವ ಅತಿ ತಿಳಿಯಾದ ಬೂದಿನ ಕೋಡ್ #767676. ನಿಮ್ಮದು #999999, ಅದರ ಲೆಕ್ಕ 3 ಕೂಡ ಮುಟ್ಟುವುದಿಲ್ಲ. #222222 ಹಾಕಿ, ಮರೆತುಬಿಡಿ.

ಫಾಂಟ್ ಹುಡುಕುತ್ತಾ ದಿನ ಕಳೆಯಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲ ಯುಐ ಮೊದಲೇ ಇರುತ್ತವೆ. ಸಾಧನದಲ್ಲಿರುವುದನ್ನೇ ಬಳಸಿದರೆ ಏನೂ ಇಳಿಸಬೇಕಾಗಿಲ್ಲ, ಪುಟ ಬೇಗ ತೆರೆಯುತ್ತದೆ.

ವೇಗ, ಜಿಗಿತ, ಪಾಪ್‌ಅಪ್

ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮುಖಪುಟದ ವಿಳಾಸ ಹಾಕಬೇಡಿ, ಈ ಲೇಖನದ ವಿಳಾಸ ಹಾಕಿ. ಗೂಗಲ್ ನೋಡುವುದು ಮೂರು. ಪರದೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಏನಾದರೂ ಆಗಬೇಕು (ಈ ಅಳತೆ ಮೂರರಲ್ಲಿ ಸೇರಿದ್ದು 2024ರ ಮಾರ್ಚ್‌ನಲ್ಲಿ). ಪುಟ ತೆರೆಯುವಾಗ ಅತ್ತಿತ್ತ ಜಿಗಿಯಬಾರದು, ಅದರ ಅಂಕ 0.1 ದಾಟಬಾರದು.

ನಿಮ್ಮ ಕೇಸಿನಲ್ಲಿ ಮೂರಕ್ಕೂ ಮದ್ದು ಹತ್ತಿರದಲ್ಲೇ ಇದೆ. ಫೋನಿನಲ್ಲಿ ತೆಗೆದ 4 ಎಂಬಿ ಫೋಟೋವನ್ನು ಹಾಗೇ ಏರಿಸಿದ್ದೀರಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ರೂಪಕ್ಕೆ ಬದಲಿಸಿ ಹಾಕಿದರೆ ಎಷ್ಟೋ ಪಾಲು ತೂಕ ಇಳಿಯುತ್ತದೆ. ಫೋಟೋದ ಅಗಲ ಎತ್ತರ ಎರಡನ್ನೂ ನಮೂದಿಸಿ, ಬ್ರೌಸರ್ ಅಷ್ಟು ಜಾಗ ಮೊದಲೇ ಬಿಟ್ಟುಕೊಂಡಿರುತ್ತದೆ, ಓದುತ್ತಿದ್ದ ಸಾಲು ದಿಢೀರ್ ಅಂತ ಕೆಳಗೆ ಓಡುವುದಿಲ್ಲ. ಲೇಜಿ ಲೋಡಿಂಗ್ (ಓದುಗರು ಹತ್ತಿರ ಬಂದಾಗಷ್ಟೇ ಫೋಟೋ ಇಳಿಸುವುದು) ಕೆಳಗಿನ ಫೋಟೋಗಳಿಗೆ ಇರಲಿ, ಮೊದಲ ಫೋಟೋಗೆ ಬೇಡ. ಐದು ಶೇರ್ ಬಟನ್ ಮತ್ತು ಚಾಟ್ ಗುಳ್ಳೆ ತಂದುಹಾಕುವ ಸ್ಕ್ರಿಪ್ಟ್‌ಗಳು ಹೋದರೆ ಒತ್ತಿದ್ದಕ್ಕೆ ಸ್ಪಂದಿಸುವ ವೇಗವೂ ಸುಧಾರಿಸುತ್ತದೆ. ಶೇರ್ ಮಾಡುವವರಿಗೆ ಫೋನಿನ ಬ್ರೌಸರಿನಲ್ಲೇ ಶೇರ್ ಇದೆ.

ಪಾಪ್‌ಅಪ್ ತೆಗೆಯಿರಿ. ಫೋನಿನಲ್ಲಿ ಬಂದ ತಕ್ಷಣ ವಿಷಯವನ್ನು ಮುಚ್ಚುವ ಪಾಪ್‌ಅಪ್ ಇದ್ದರೆ ಹುಡುಕಾಟದಲ್ಲಿ ಕೆಳಗೆ ತಳ್ಳಬಹುದು ಅಂತ ಗೂಗಲ್ 2017ರ ಜನವರಿಯಿಂದಲೇ ಹೇಳುತ್ತಾ ಬಂದಿದೆ.

ಪಟ್ಟಿಯ ಪುಟ

ಹೊಸದು ಮೇಲೆ, ಹಳೆಯದು ಕೆಳಗೆ ಅನ್ನುವ ಪದ್ಧತಿ ಬಂದದ್ದು ಬ್ಲಾಗ್ ದಿನಚರಿಯಾಗಿದ್ದಾಗ. 1997ರಲ್ಲಿ ಜಾರ್ನ್ ಬಾರ್ಗರ್ ಅನ್ನುವವರು "ವೆಬ್‌ಲಾಗ್" ಅಂತ ಕರೆದಾಗ ಅದು ವೆಬ್‌ನಲ್ಲಿ ದಿನಾ ಕಂಡದ್ದನ್ನು ಗುರುತು ಹಾಕಿಕೊಳ್ಳುವ ಪುಸ್ತಕದ ಹಾಗೆ. ಸುದ್ದಿಗೆ, ದಿನಚರಿಗೆ ಈ ಕ್ರಮ ಸರಿ. ನಿಮ್ಮದು ದಿನಚರಿಯಲ್ಲ. ಎರಡು ವರ್ಷ ಹಿಂದಿನ ಕಲೆಯ ಲೇಖನ ಇವತ್ತಿಗೂ ಅಷ್ಟೇ ಕೆಲಸಕ್ಕೆ ಬರುತ್ತದೆ. ಆದರೆ ಅದು ನಾಲ್ಕನೇ ಪುಟದಲ್ಲಿ ಹೂತುಹೋಗಿದೆ, ಮೇಲೆ ಕೂತಿರುವುದು "ನಮ್ಮ ಹೊಸ ಯಂತ್ರ ಬಂದಿದೆ" ಅನ್ನುವ ಪೋಸ್ಟ್.

ಪಟ್ಟಿಯನ್ನು ಗ್ರಾಹಕರ ತೊಂದರೆಯ ಪ್ರಕಾರ ಜೋಡಿಸಿ. ನಿಮ್ಮ 40 ಲೇಖನ ನೋಡಿದರೆ ನಾಲ್ಕು ಕಪಾಟು ಸಾಕು ಅನ್ನಿಸುತ್ತದೆ: ಕಲೆ ಮತ್ತು ಗೀರು, ಅಲುಗಾಡುವ ಕೀಲು, ಹುಳು ಮತ್ತು ತೇವ, ಹೊಸದು ಮಾಡಿಸುವ ಮುನ್ನ. ಒಂದೊಂದರಲ್ಲಿ ಒಳ್ಳೆಯ ಐದಾರು ಲೇಖನ, ಹೊಸ ಬರಹಗಳೆಲ್ಲ ಕೊನೆಯಲ್ಲಿ. ನಿಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದ್ದರೆ ಮಾಮೂಲು ಒಂದು ಪುಟ ಮಾಡಿ, ಒಂದೊಂದು ವಿಭಾಗಕ್ಕೂ ಅದರ ಲೇಖನಗಳನ್ನು ತಾನಾಗಿ ಪಟ್ಟಿ ಮಾಡುವ ಕ್ವೆರಿ ಲೂಪ್ ಬ್ಲಾಕ್ ಇಟ್ಟರೆ ಆಯಿತು, ಕೋಡ್ ಬೇಡ. ಇಳಿದಷ್ಟೂ ಬರುತ್ತಲೇ ಇರುವ ಪಟ್ಟಿ ಮಾತ್ರ ಬೇಡ, ಅಡಿಯಲ್ಲಿರುವ ವಿಳಾಸಕ್ಕೆ ಕೈ ಎಟುಕುವುದೇ ಇಲ್ಲ.

ಲೇಖನದ ಕೊನೆಯಲ್ಲಿ ಪ್ಲಗಿನ್ ತಾನಾಗಿ ಹೆಕ್ಕಿದ ಒಂಬತ್ತು "ಸಂಬಂಧಿತ ಲೇಖನ" ಇದೆ. ಎರಡು ಸಾಕು, ನೀವೇ ಆರಿಸಿದ್ದು. "ಅಡ್ಮಿನ್" ಜಾಗಕ್ಕೆ ನಿಮ್ಮ ಹೆಸರು, ಕೆಲಸದ ಮೇಜಿನ ಮುಂದೆ ನಿಂತ ಒಂದು ಫೋಟೋ. ತಾರೀಖು ತೆಗೆಯಬೇಡಿ, ತಿದ್ದಿದ ತಾರೀಖು ತೋರಿಸಿ.

ಒಳಗಿನ ಉಪಶೀರ್ಷಿಕೆಗಳನ್ನೂ ಒಮ್ಮೆ ನೋಡಿ. ಜನ ವೆಬ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ 2006ರಲ್ಲಿ ಕಣ್ಣಿನ ಚಲನೆ ಅಳೆದಾಗ ಜನ ಮೇಲಿನ ಒಂದೆರಡು ಸಾಲು ಓದಿ, ಆಮೇಲೆ ಎಡಗಡೆಯ ಅಂಚನ್ನಷ್ಟೇ ಸವರಿಕೊಂಡು ಇಳಿಯುವುದು ಕಂಡಿತ್ತು. ಹಾಗಾಗಿ ಉಪಶೀರ್ಷಿಕೆಯ ಮೊದಲ ಪದದಲ್ಲೇ ವಿಷಯ ಇರಬೇಕು. "ಹಂತ ಒಂದು" ಅಂದರೆ ಏನೂ ತಿಳಿಯದು. "ಬಿಳಿ ಕಲೆಗೆ ಹದವಾದ ಇಸ್ತ್ರಿ ಶಾಖ" ಅಂದರೆ ಇಳಿಯುತ್ತಿದ್ದ ಕಣ್ಣು ನಿಲ್ಲುತ್ತದೆ.

ಸರಿಯಾಯಿತಾ ಅಂತ ತಿಳಿಯುವುದು

ನಿಮ್ಮ ಕಸುಬು ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಡಿ, ಲೇಖನ ತೆರೆದು. ಎರಡೇ ಪ್ರಶ್ನೆ ಕೇಳಿ. ಇವರ ಕೆಲಸ ಏನು? ನಿಮ್ಮ ಮೇಜಿನ ಕಲೆ ಕಪ್ಪಾಗಿದ್ದರೆ ಈಗ ಏನು ಮಾಡುತ್ತೀರಿ? ಕೇಳಿ ಬಾಯಿ ಮುಚ್ಚಿಕೊಂಡು ಅವರ ಹೆಬ್ಬೆರಳನ್ನೇ ನೋಡಿ. ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮಗೆ ಕೆಲಸ ಇದೆ. "ಅದು ಕೆಳಗಿದೆ ನೋಡಿ" ಅನ್ನುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಇಂಥ ಮೂವರು ಸಾಕು.

ಎರಡು ವಿನ್ಯಾಸ ಅಕ್ಕಪಕ್ಕ ಓಡಿಸಿ ಹೋಲಿಸುವ ಎ/ಬಿ ಪರೀಕ್ಷೆ ನಿಮಗೆ ಬೇಡ. ತಿಂಗಳಿಗೆ ಕೆಲವು ಸಾವಿರ ಜನ ಬರುವ ಕಡೆ ಅದರಿಂದ ನಂಬುವಂಥ ಉತ್ತರ ಬರುವುದಿಲ್ಲ. ಬಟನ್ ಒತ್ತಿದ್ದನ್ನು ಅನಲಿಟಿಕ್ಸ್‌ನಲ್ಲಿ ಎಣಿಸುವಂತೆ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಿಂಗಳು ಕಾಯಿರಿ. ಫೋನ್ ಮಾಡಿದವರನ್ನು "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಅಂತ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ಯಾವ ವರದಿಗಿಂತಲೂ ಚೆನ್ನಾಗಿ ಹೇಳುತ್ತದೆ.

ಶುರು ಮಾಡುವುದು ಕಲೆಯ ಲೇಖನದಿಂದಲೇ. ಮೊದಲ ದಿನ ಪಾಪ್‌ಅಪ್ ತೆಗೆಯಿರಿ, ಉತ್ತರವನ್ನು ಮೇಲಕ್ಕೆ ತನ್ನಿ, ಕಪ್ಪು ಕಲೆಯ ಪ್ಯಾರಾದ ಕೆಳಗೆ ಬಟನ್ ಇಡಿ. ಇದಕ್ಕೆ ಒಂದು ಸಂಜೆ ಸಾಕು. ಕಾಡಿನ ಫೋಟೋ ಬಿಡಲು ಮನಸ್ಸಾಗದಿದ್ದರೆ "ನಮ್ಮ ಬಗ್ಗೆ" ಪುಟದಲ್ಲಿ ಬೇಕಾದಷ್ಟು ಜಾಗ ಇದೆ.